ಚೇಳಮ್ಮನ ಹುಂಡಿ, ಔಷಧಿ ಅಂಗಡಿಯ ಬಿಲ್ಲು

ಕೇಳುಗರಿಗೆಲ್ಲ ನಮಸ್ಕಾರ.

ಮೊನ್ನೆ ನಮ್ಮ ಕೋಲಾರದ ಔಷಧಿ ಅಂಗಡಿಯೊಂದರಲ್ಲಿ ಸಾಲಲ್ಲಿ ನಿಂತಿದ್ದೆ. ಮುಂದಿದ್ದ ಹೆಂಗಸು ಡಾಕ್ಟರ ಚೀಟಿ ಕೊಟ್ಟರು. ಹುಡುಗ ತಲೆಯೆತ್ತದೆ "ಮೊಬೈಲ್ ನಂಬರ್ ಹೇಳಿ" ಅಂದ. "ಅದ್ಯಾಕಪ್ಪ?" "ನಂಬರ್ ಇಲ್ದೆ ಬಿಲ್ ಬರಲ್ಲ ಅಮ್ಮ." ಆಕೆ ಮೆಲ್ಲಗೆ ಹೇಳಿದರು, ಅವನು ಗಟ್ಟಿಯಾಗಿ ಒಪ್ಪಿಸಿದ. ಹತ್ತು ಅಂಕಿಯ ಬೆನ್ನಿಗೇ ಮಾತ್ರೆಯ ಹೆಸರನ್ನೂ ಕೂಗಿದ. ಆಕೆಯ ಕಾಯಿಲೆ ಏನೆಂದು ಸಾಲಿಗೆಲ್ಲ ಗೊತ್ತಾಯಿತು. ನನಗೂ ಗೊತ್ತಾಯಿತು, ನಾನೇನು ಕಿವಿ ಮುಚ್ಚಿಕೊಂಡಿರಲಿಲ್ಲ. ನನ್ನ ಸರದಿ ಬಂದಾಗ ಕಂಪ್ಯೂಟರ್ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನೂ ತೆಪ್ಪಗೆ ನಂಬರ್ ಕೊಟ್ಟು ಬಂದೆ.

ಹೀಗೆ ರಾಶಿ ಬಿದ್ದ ಬಿಲ್ಲುಗಳನ್ನು ಓದುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದವರಲ್ಲಿ ಮೊದಲಿಗರು ರಾಕೇಶ್ ಅಗ್ರವಾಲ್. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್ ಪಡೆದು, ಐಬಿಎಂನ ಅಲ್ಮಾಡೆನ್ ಸಂಶೋಧನಾಲಯ ಸೇರಿದವರು. 1993ರಲ್ಲಿ ಇಬ್ಬರು ಸಂಗಡಿಗರೊಡನೆ ಅವರು ಎತ್ತಿಕೊಂಡ ಪ್ರಶ್ನೆ ಬಲು ಸರಳ: ಇದನ್ನು ಕೊಂಡವರು ಜೊತೆಗೆ ಇನ್ನೇನು ಕೊಳ್ಳುತ್ತಾರೆ?

ಅವರೆಕಾಯಿ ಸುಗ್ಗಿಯಲ್ಲಿ ಈ ಪ್ರಶ್ನೆಗೆ ನಮ್ಮೂರಿನ ಯಾವ ಶೆಟ್ಟರೂ ಕಣ್ಣು ಮುಚ್ಚಿ ಉತ್ತರ ಹೇಳಿಯಾರು. ಆದರೆ 10,000 ಬಗೆಯ ಸಾಮಾನಿರುವ ಅಂಗಡಿಯಲ್ಲಿ ಜೋಡಿಗಳೇ ಸುಮಾರು 5 ಕೋಟಿ ಆಗುತ್ತವೆ. ಮೂರು ಮೂರರ ಗುಂಪು ಮಾಡಿದರೆ 16,000 ಕೋಟಿ ದಾಟುತ್ತದೆ. ಎಣಿಸಿ ಮುಗಿಯುವ ಬಾಬತ್ತಲ್ಲ. 1994ರಲ್ಲಿ ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಇದಕ್ಕೊಂದು ಒಳದಾರಿ ತೋರಿಸಿದರು. ಅದರ ಹೆಸರು 'ಅಪ್ರಿಯೋರಿ'. ಅವರೆಕಾಯಿಯೂ ಶಾವಿಗೆಯೂ ಒಂದೇ ಚೀಟಿಯಲ್ಲಿ ಅಪರೂಪಕ್ಕೆ ಬರುತ್ತವೆ ಎಂದಾದರೆ, ಅವೆರಡರ ಜೊತೆ ತೆಂಗಿನಕಾಯಿ ಸೇರಿದ ಚೀಟಿ ಇನ್ನೂ ಅಪರೂಪವೇ. ಹಾಗಾಗಿ ಆ ಗುಂಪನ್ನು ಎಣಿಸುವ ಗೋಜೇ ಬೇಡ. ಇಷ್ಟೇ ಉಪಾಯ. ಕೇಳಿದಾಗ 'ಅಯ್ಯೋ, ಇಷ್ಟೇನಾ' ಅನ್ನಿಸುತ್ತದೆ. ಇಷ್ಟೇ ಆಗಿದ್ದರಿಂದಲೇ ಅದು ಇವತ್ತಿಗೂ ನಮ್ಮ ಕಾಲೇಜುಗಳ ಪಠ್ಯದಲ್ಲಿದೆ.

ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಮಾತ್ರ ಇದರಿಂದಲ್ಲ, ಆಮೇಲಿನ ಕೆಲಸದಿಂದ. ಬಿಲ್ಲು ಓದಲು ಕಲಿಸಿದವರೇ 2000ರಲ್ಲಿ, ಅದೇ ಶ್ರೀಕಾಂತ್ ಜೊತೆ ಕೂತು, ಒಬ್ಬೊಬ್ಬರ ಗುಟ್ಟನ್ನು ಕೆದಕದೆ ಊರಿನ ಒಟ್ಟು ಲೆಕ್ಕ ತಿಳಿಯಬಹುದೇ ಎಂದು ಕೇಳಿದರು.

ಕೋಲಾರಮ್ಮನ ಗುಡಿಗೆ ಹೋದವರು ಚೇಳಮ್ಮನ ಮುಂದೆ ನೆಲದಲ್ಲಿ ತೋಡಿದ ಹುಂಡಿಯನ್ನು ನೋಡಿರುತ್ತೀರಿ. ಹುಂಡಿ ತೆಗೆದು ಎಣಿಸಿದರೆ ಮೊತ್ತ ಸಿಗುತ್ತದೆ. ಯಾರ ಕಾಸು ಎಷ್ಟು ಅನ್ನುವುದು ಹಾಕಿದವರಿಗೆ ಬಿಟ್ಟರೆ ಇನ್ಯಾರಿಗೂ ತಿಳಿಯದು. ಇಂಥ ಹುಂಡಿಯನ್ನು ಲೆಕ್ಕದಲ್ಲಿ ಕಟ್ಟುವುದು ಹೇಗೆ?

ಸ್ಟ್ಯಾನ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞ 1965ರಲ್ಲೇ ದಾರಿ ತೋರಿದ್ದರು. ಅದರದೇ ಒಂದು ಬಗೆಯನ್ನು ನಮ್ಮ ಕಡೆಯ ಮಾತಲ್ಲಿ ಹೇಳುತ್ತೇನೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ 100 ಜನ ಇದ್ದಾರೆ. 'ಮೀಟರ್ ಬಡ್ಡಿ ಸಾಲ ಇದೆಯಾ?' ಎಂದು ಕೇಳಿದರೆ ಯಾರು ಬಾಯಿಬಿಟ್ಟಾರು? ಎಲ್ಲರೂ ಸೆರಗಿನ ಮರೆಯಲ್ಲಿ ನಾಣ್ಯ ಚಿಮ್ಮಲಿ. ತಲೆ ಬಿದ್ದವರು ನಿಜ ಹೇಳಲಿ, ಬಾಲ ಬಿದ್ದವರು ಸಾಲ ಇರಲಿ ಬಿಡಲಿ 'ಹೌದು' ಎನ್ನಲಿ. 70 ಜನ ಹೌದು ಅಂದರು ಎನ್ನಿ. ಅದರಲ್ಲಿ ಸುಮಾರು 50 ನಾಣ್ಯ ಹೇಳಿಸಿದ 'ಹೌದು'. ಉಳಿದ 20, ನಿಜ ಹೇಳಿದ ಐವತ್ತು ಜನರ ಪೈಕಿ. ಅಂದರೆ ನೂರಕ್ಕೆ 40 ಮನೆಯಲ್ಲಿ ಸಾಲವಿದೆ ಎಂದು ಅಂದಾಜು ಸಿಕ್ಕಿತು. ಪಕ್ಕದ ಮನೆಯಾಕೆ 'ಹೌದು' ಅಂದದ್ದನ್ನು ಕೇಳಿಸಿಕೊಂಡವರಿಗೆ ಅದು ಸಾಲದ ಮಾತೋ ನಾಣ್ಯದ ಮಾತೋ ಗೊತ್ತಾಗುವುದಿಲ್ಲ.

ಅಗ್ರವಾಲ್ ಮತ್ತು ಶ್ರೀಕಾಂತ್ ಈ ಬಗೆಯ ಜಾಣ್ಮೆಯನ್ನು ದತ್ತಾಂಶದ ರಾಶಿಗೆ ತಂದರು. ವಯಸ್ಸು 46 ಇದ್ದರೆ ಅದಕ್ಕೊಂದು ಮನಬಂದ ಸಂಖ್ಯೆ ಬೆರೆಸಿ 33 ಎಂದೋ 58 ಎಂದೋ ಕೊಡುವುದು. ಒಂದೊಂದಾಗಿ ನೋಡಿದರೆ ಎಲ್ಲವೂ ಸುಳ್ಳು. ಸಾವಿರಾರು ಸೇರಿದಾಗ ಯಾವ ವಯಸ್ಸಿನವರು ಎಷ್ಟು ಮಂದಿ ಎಂಬ ಒಟ್ಟು ಹಂಚಿಕೆಯನ್ನು ಗಣಿತದಿಂದ ಹೆಚ್ಚುಕಡಿಮೆ ಮರಳಿ ಪಡೆಯಬಹುದು. ಈ ಬೆರಕೆಯನ್ನು ಕೆಲವೊಮ್ಮೆ ಸೋಸಿ ತೆಗೆದು ನಿಜ ಸಂಖ್ಯೆಯ ಹತ್ತಿರಕ್ಕೆ ಹೋಗಬಹುದು ಎಂದು 2003ರಲ್ಲಿ ಬೇರೆಯವರು ತೋರಿಸಿದರು, ಅದೂ ಸರಿಯೇ. ಎಷ್ಟು ಬೆರೆಸಿದರೆ ಎಷ್ಟು ರಕ್ಷಣೆ ಎಂಬುದಕ್ಕೆ ಗಟ್ಟಿ ಅಳತೆ ಸಿಕ್ಕಿದ್ದು 2006ರಲ್ಲಿ, ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರಿಂದ. ಅಮೆರಿಕದವರು ತಮ್ಮ 2020ರ ಜನಗಣತಿಯ ಅಂಕಿಅಂಶ ಪ್ರಕಟಿಸುವಾಗ ಆ ಅಳತೆಯನ್ನೇ ಬಳಸಿದರು.

ಈ ನಡುವೆ 2002ರಲ್ಲಿ ಅಗ್ರವಾಲ್ ತಂಡ ಇನ್ನೊಂದು ಮಾತು ಮುಂದಿಟ್ಟಿತ್ತು. ವೈದ್ಯರು ಹಿಪೊಕ್ರಟಿಸ್ ಹೆಸರಲ್ಲಿ ಪ್ರಮಾಣ ಮಾಡುತ್ತಾರಲ್ಲ, ರೋಗಿಯ ಗುಟ್ಟು ಬಿಡುವುದಿಲ್ಲ ಅಂತ, ಮಾಹಿತಿ ಕೂಡಿಡುವ ದತ್ತಸಂಚಯ, ಅಂದರೆ ಡೇಟಾಬೇಸ್ ಕೂಡ ಹಾಗೇ ಮಾಡಲಿ ಎಂದು. ಯಾವ ಕೆಲಸಕ್ಕೆಂದು ಕೇಳಿತೋ ಅದಕ್ಕಷ್ಟೇ ಬಳಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಅಪ್ರಿಯೋರಿಗೆ ಸಿಕ್ಕ ಗಿರಾಕಿಗಳು ಇದಕ್ಕೆ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ. ಬಿಲ್ಲು ಓದಿದರೆ ಲಾಭವುಂಟು, ಅಳಿಸಿದರೆ ಏನು ಸಿಕ್ಕೀತು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ದತ್ತಾಂಶ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ.

ನಿನ್ನೆ ಮತ್ತೆ ಅದೇ ಅಂಗಡಿಗೆ ಹೋಗಿದ್ದೆ. ಮತ್ತದೇ ಪ್ರಶ್ನೆ. "ನಂಬರ್ ಕೊಡಲ್ಲಪ್ಪ" ಅಂದೆ. ಹುಡುಗ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹತ್ತು ಸಲ ಒಂಬತ್ತು ಒತ್ತಿದ. ಬಿಲ್ಲು ಬಂತು.

ನಮಸ್ಕಾರ.