ಮೊದಲು ಮಾಸ್ಟರ್, ಆಮೇಲೆ ಪ್ರಶ್ನೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ನನ್ನ ಮಾತು ಮುಖ್ಯವಾಗಿ ಟೀಚರ್‌ಗಳಿಗೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಹೀಗೆ ನಮ್ಮ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡುವವರು ಈಗ ರೇಡಿಯೋ ಹತ್ತಿರ ಇದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಲಿಟಲ್ ಕೈಟ್ಸ್ ಅನ್ನುವ ಶಾಲಾ ಐಟಿ ಕ್ಲಬ್ಬಿನ ಮಕ್ಕಳು ಕೇಳುತ್ತಿದ್ದರೆ ಇನ್ನೂ ಸಂತೋಷ. ಅವರಿಗೆ ಈ ಸಂಗತಿ ನಮಗಿಂತ ಬೇಗ ತಲೆಗೆ ಹೋಗುತ್ತದೆ.

2020ರ ಜೂನ್‌ನಲ್ಲಿ ಶಾಲೆಗಳು ಮುಚ್ಚಿದ್ದವು. ಆಗ ಕೇರಳ ಸರಕಾರದ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಅನ್ನುವ ತರಗತಿಗಳು ಶುರುವಾದವು. ಕನ್ನಡದಲ್ಲೂ ಪಾಠಗಳು ಬಂದವು. ನಮ್ಮ ಕಡೆಯ ಎಷ್ಟೋ ಟೀಚರ್‌ಗಳು ಸ್ವಂತ ಡಿಜಿಟಲ್ ಪಾಠ, ಸ್ವಂತ ಕ್ವಿಜ್ ಮಾಡಲು ಕೈ ಹಾಕಿದ್ದು ಆ ಕಾಲದಲ್ಲೇ. ಆ ಹುಮ್ಮಸ್ಸು ಈಗಲೂ ಉಂಟು. ಆದರೆ ನೀವು ಪಡುವ ಕಷ್ಟದಲ್ಲಿ ಮುಕ್ಕಾಲು ಪಾಲು ಬೇಡದ ಕಷ್ಟ. ಅದನ್ನು ನೋಡಿದರೆ ನನಗೆ ಸುಮ್ನೆ ಕೂರಲಿಕ್ಕೆ ಆಗುವುದಿಲ್ಲ.

ಹಾಗಾಗಿ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಕ್ವಿಜ್ ಮಾಡುವಾಗ ಮೊದಲು ಮಾಸ್ಟರ್, ಆಮೇಲೆ ಪ್ರಶ್ನೆ. ಇವತ್ತು ಇದನ್ನೇ ನಾಲ್ಕೈದು ಸಲ ಹೇಳುತ್ತೇನೆ. ಬೇಸರ ಮಾಡಬೇಡಿ.

ಮಾಸ್ಟರ್ ಅಂದರೆ ಏನು? ಡಿಜಿಟಲ್ ಪಾಠ, ಕ್ವಿಜ್ ಮಾಡುವ ತಂತ್ರಾಂಶ ಯಾವುದೇ ಇರಲಿ, ಕ್ಯಾಪ್ಟಿವೇಟ್ ಇರಲಿ, ಸ್ಟೋರಿಲೈನ್ ಇರಲಿ, ಪವರ್‌ಪಾಯಿಂಟ್ ಇರಲಿ, ನಿಮಗೆ ಕಾಣುವ ಪ್ರತಿ ಸ್ಲೈಡಿನ ಹಿಂದೆ ಇನ್ನೊಂದು ಸ್ಲೈಡ್ ಇರುತ್ತದೆ. ಪ್ರಶ್ನೆ ಎಲ್ಲಿ ಕೂರಬೇಕು, ಆಯ್ಕೆಗಳು ಎಲ್ಲಿ, ಬಟನ್ ಎಲ್ಲಿ, ಅಕ್ಷರ ಎಷ್ಟು ದೊಡ್ಡದು, ಯಾವ ಬಣ್ಣ, ಎಲ್ಲ ಅಲ್ಲಿ ನಿಗದಿ ಆಗಿರುತ್ತದೆ. ಚಕ್ಕುಲಿ ಒರಳಿಗೆ ಹಾಕುವ ಬಿಲ್ಲೆ ಗೊತ್ತಲ್ವಾ? ನಕ್ಷತ್ರದ ತೂತಿನ ಬಿಲ್ಲೆ ಹಾಕಿದರೆ ಚಕ್ಕುಲಿ ಬರುತ್ತದೆ, ಸಣ್ಣ ತೂತುಗಳ ಬಿಲ್ಲೆ ಹಾಕಿದರೆ ಸೇಮಿಗೆ. ಎಣ್ಣೆಗೆ ಬಿಡುವ ಒಂದೊಂದು ಚಕ್ಕುಲಿಯನ್ನೂ ಕೈಯಲ್ಲಿ ತಿದ್ದುತ್ತ ಯಾರೂ ಕೂರುವುದಿಲ್ಲ. ಬಿಲ್ಲೆ ಬದಲಾಯಿಸುತ್ತಾರೆ. ಮಾಸ್ಟರ್ ಅಂದರೆ ಆ ಬಿಲ್ಲೆ.

ಕ್ಯಾಪ್ಟಿವೇಟಿನ ಹಳೆಯ ಆವೃತ್ತಿ ಉಂಟಲ್ಲ, ಈಗ ಕ್ಲಾಸಿಕ್ ಅಂತ ಕರೆಯುವುದು, ಅದರಲ್ಲಿ ವಿಂಡೋ ಮೆನುವಿಗೆ ಹೋಗಿ ಮಾಸ್ಟರ್ ಸ್ಲೈಡ್ ಅಂತ ಒತ್ತಿ. ಎಡಗಡೆ ಒಂದು ಸಾಲು ತೆರೆದುಕೊಳ್ಳುತ್ತದೆ. ಕ್ವಿಜ್‌ಗೆಂದೇ ಮಾಡಿಟ್ಟ ಮಾಸ್ಟರ್‌ಗಳು ಅಲ್ಲಿವೆ. ಬಹು ಆಯ್ಕೆ, ಸರಿ-ತಪ್ಪು, ಬಿಟ್ಟ ಸ್ಥಳ ತುಂಬಿರಿ, ಇವೆಲ್ಲ ಒಂದೇ ಮಾಸ್ಟರ್‌ನಿಂದ ಬರುತ್ತವೆ. ಹೊಂದಿಸಿ ಬರೆಯಿರಿಗೆ ಬೇರೆ. ಚಿತ್ರದಲ್ಲಿ ಜಾಗ ಗುರುತಿಸುವ ಪ್ರಶ್ನೆಗೆ ಬೇರೆ. ರೇಟಿಂಗ್ ಕೊಡುವ ಪ್ರಶ್ನೆಗೆ ಬೇರೆ. ಕೊನೆಯಲ್ಲಿ ಅಂಕ ತೋರಿಸುವ ಸ್ಲೈಡಿಗೆ ಬೇರೆ. ಇಷ್ಟೇ. ಈ ನಾಲ್ಕೈದನ್ನು ಸರಿ ಮಾಡಿಕೊಂಡರೆ ನೀವು 10 ಪ್ರಶ್ನೆ ಮಾಡಿದರೂ ಅಷ್ಟೇ ಕೆಲಸ, 100 ಮಾಡಿದರೂ ಅಷ್ಟೇ ಕೆಲಸ.

ಇಲ್ಲಿ ಒಂದು ಕತೆ ಹೇಳಲೇಬೇಕು. ನಡೆದದ್ದು. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಬದಿಯಡ್ಕ ಕಡೆಯ ಒಂದು ಯುಪಿ, ಅಂದರೆ ಹಿರಿಯ ಪ್ರಾಥಮಿಕ, ಶಾಲೆಯ ಟೀಚರ್. ತುಂಬ ಆಸಕ್ತಿಯವರು. ನಮ್ಮ ಜಿಲ್ಲೆ ಅಂತ ಹೆಸರಿಟ್ಟು 40 ಪ್ರಶ್ನೆಗಳ ಒಂದು ಕ್ವಿಜ್ ಮಾಡಿದ್ದರು. ಪ್ರಶ್ನೆಗಳು ಬಹಳ ಚೆನ್ನಾಗಿದ್ದವು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆ ಆಗುವ ಮೊದಲು ಯಾವ ಜಿಲ್ಲೆಗೆ ಸೇರಿತ್ತು? ಯಕ್ಷಗಾನ ಕವಿ ಪಾರ್ತಿಸುಬ್ಬ ಯಾವ ಊರಿನವರು? ತೋಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಯಾವ ಬೆಳೆಗಳ ಬಗ್ಗೆ ಸಂಶೋಧನೆ ನಡೆಯುತ್ತದೆ? ಪುಸ್ತಕದಿಂದ ಎತ್ತಿ ಹಾಕಿದ್ದಲ್ಲ, ಮಕ್ಕಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು.

ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿದರು. ಎರಡನೇ ಪ್ರಶ್ನೆ ಬಂತು. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಯಾವ ಊರಿನಲ್ಲಿದೆ? ಓದಲು ಒಬ್ಬ ಹುಡುಗನನ್ನು ಎಬ್ಬಿಸಿದರು. ಅವನು ಓದಿದ: "ರಾಷಕವಿ ಗೋವಿಂದ ಪೈಗಳ ಮನೆ..." ಟೀಚರ್ ತಿದ್ದಿದರು. ಮುಂದಿನ ಸ್ಲೈಡ್‌ನಲ್ಲಿ ಯಕ್ಷಗಾನ ಅಂತ ಇತ್ತು. ಇನ್ನೊಂದು ಮಗು "ಯಕಗಾನ" ಅಂತ ಓದಿತು. ಮಕ್ಕಳಿಗೆ ಓದಲು ಬಾರದೆ ಇದ್ದದ್ದಲ್ಲ. ಗೋಡೆಯ ಮೇಲೆ ಒತ್ತಕ್ಷರವೇ ಇರಲಿಲ್ಲ! ಷ ಕೆಳಗಿನ ಟ ಒತ್ತು, ಅದರ ಜೊತೆಯ ರ ಒತ್ತು, ಕ ಕೆಳಗಿನ ಷ ಒತ್ತು, ಎಲ್ಲ ಪೆಟ್ಟಿಗೆಯ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. ಮಕ್ಕಳು ಕಂಡದ್ದನ್ನು ಕಂಡ ಹಾಗೆ ಓದಿದರು.

ಯಾಕೆ ಹೀಗಾಯಿತು? ಟೆಂಪ್ಲೇಟಿನ ಪೆಟ್ಟಿಗೆಗಳನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿ ಇಟ್ಟಿರುತ್ತಾರೆ. ಕನ್ನಡದ ಸಾಲು ಕೆಳಗೂ ಇಳಿಯುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವು ಕಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಅಷ್ಟು ಜಾಗ ಆ ಪೆಟ್ಟಿಗೆಯಲ್ಲಿ ಇಲ್ಲ.

ಟೀಚರ್ ಏನು ಮಾಡಿದರು? ರಾತ್ರಿ ಅಡುಗೆ ಕೆಲಸ ಮುಗಿಸಿ ಕೂತರು. ಮೊದಲ ಸ್ಲೈಡ್ ತೆರೆದರು. ಪ್ರಶ್ನೆಯ ಪೆಟ್ಟಿಗೆಯನ್ನು ಮೌಸ್‌ನಲ್ಲಿ ಕೆಳಗೆ ಎಳೆದರು. ಈಗ ಅದು ಮೊದಲ ಆಯ್ಕೆಯ ಮೇಲೆ ಬಂತು. ಆಯ್ಕೆಗಳನ್ನು ಕೆಳಗೆ ತಳ್ಳಿದರು. ನಾಲ್ಕನೇ ಆಯ್ಕೆ ಬಟನ್ನಿನ ಮೇಲೆ ಕೂತಿತು. ಬಟನ್ ಸರಿಸಿದರು. ಹೀಗೆ 40 ಸ್ಲೈಡ್. ಮಾರನೇ ದಿನ ತರಗತಿಯಲ್ಲಿ ಒತ್ತು ಸರಿಯಾಗಿ ಕಂಡಿತು. ಆದರೆ ಮಗು ಉತ್ತರ ಒತ್ತಿದ ಕೂಡಲೇ "ಸರಿ ಉತ್ತರ" ಅಂತ ಬರುವ ಪೆಟ್ಟಿಗೆ ನಾಲ್ಕನೇ ಆಯ್ಕೆಯನ್ನು ಮುಚ್ಚಿಬಿಟ್ಟಿತು. ಅದನ್ನು ಯಾರು ಸರಿಸಿದ್ದರು? ಪುನಃ 40 ಸ್ಲೈಡ್. ಆಮೇಲೆ ಹೆಡ್‌ಮಾಷ್ಟ್ರು ಬಂದು ನೋಡಿದರು. ಕಿಟಕಿಯ ಬಿಸಿಲಿಗೆ ಹಳದಿ ಅಕ್ಷರ ಕಾಣುವುದಿಲ್ಲ, ಕಪ್ಪು ಮಾಡಿ ಅಂದರು. ಹೇಳಿದ್ದು ಸರಿಯೇ. ಪುನಃ 40 ಸ್ಲೈಡ್.

ಆ ಟೀಚರ್ ನಮ್ಮ ತರಬೇತಿಗೆ ಬಂದಾಗ ಲ್ಯಾಪ್‌ಟಾಪ್ ತೆರೆದು, "ಸರ್, ಇನ್ನು ಮೇಲೆ ನಾನು ಕ್ವಿಜ್ ಮಾಡುವುದಿಲ್ಲ" ಅಂದರು. ಅಷ್ಟು ಒಳ್ಳೆಯ ಪ್ರಶ್ನೆ ಮಾಡುವವರು ಈ ಮಾತು ಹೇಳಿದರೆ ಹೇಗಾಗಬೇಡ?

ನಾನು ಕೇಳಿದೆ, "ಟೀಚರ್, ಮಾಸ್ಟರ್ ತೆರೆದು ನೋಡಿದ್ದೀರಾ?"

"ಅದು ಎಲ್ಲಿ ಉಂಟು ಸರ್?"

ತೆರೆದೆವು. ಪ್ರಶ್ನೆಯ ಪೆಟ್ಟಿಗೆಯನ್ನು ಎತ್ತರ ಮಾಡಿದೆವು. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಟ್ಟೆವು. ಆಯ್ಕೆಗಳನ್ನು ಕೆಳಗಿಳಿಸಿ, "ಸರಿ ಉತ್ತರ", "ತಪ್ಪು", "ಇನ್ನೊಮ್ಮೆ ಪ್ರಯತ್ನಿಸು" ಅಂತ ಬರುವ ಪೆಟ್ಟಿಗೆಗಳನ್ನು ಬಲಗಡೆ ಖಾಲಿ ಜಾಗಕ್ಕೆ ತಂದೆವು. ಅಕ್ಷರ ಕಪ್ಪು ಮಾಡಿದೆವು. ಒಂದು ಸ್ಲೈಡಿನ ಕೆಲಸ. ಆಮೇಲೆ ಪ್ರಶ್ನೆಗಳ ಕಡೆ ಬಂದು ನೋಡಿದರೆ ಒಂದೂ ಬದಲಾಗಿಲ್ಲ! ಟೀಚರ್ ಮುಖ ಸಣ್ಣದಾಯಿತು.

ಇದನ್ನು ಗಮನವಿಟ್ಟು ಕೇಳಿ. ಯಾವ ಪೆಟ್ಟಿಗೆಯನ್ನು ನೀವು ಸ್ಲೈಡಿನಲ್ಲಿ ಕೈಯಿಂದ ಸರಿಸಿದ್ದೀರೋ ಅದು ಆಮೇಲೆ ಮಾಸ್ಟರ್‌ನ ಮಾತು ಕೇಳುವುದಿಲ್ಲ. ನೀವು ಬೇಕೆಂದೇ ಸರಿಸಿದ್ದು ಅಂತ ತಂತ್ರಾಂಶ ತಿಳಿದುಕೊಳ್ಳುತ್ತದೆ. ಅದನ್ನು ವಾಪಸು ದಾರಿಗೆ ತರಲು ರೀಸೆಟ್ ಮಾಡಬೇಕು. ಕ್ಯಾಪ್ಟಿವೇಟ್ ಕ್ಲಾಸಿಕ್‌ನಲ್ಲಿ ಬಲಗಡೆಯ ಪ್ರಾಪರ್ಟೀಸ್ ಫಲಕದಲ್ಲಿ ರೀಸೆಟ್ ಮಾಸ್ಟರ್ ಸ್ಲೈಡ್ ಅಂತ ಬಟನ್ ಉಂಟು. ಪವರ್‌ಪಾಯಿಂಟಿನಲ್ಲಿ ಹೋಮ್ ಪಟ್ಟಿಯಲ್ಲೇ ರೀಸೆಟ್ ಅಂತ ಉಂಟು.

"ಅಯ್ಯೋ, ನಾನು ಮಾಡಿದ್ದೆಲ್ಲ ಹೋಗುತ್ತದಲ್ಲಾ ಸರ್" ಅಂದರು. "ಹೋಗಲಿ ಟೀಚರ್, ಒತ್ತಿ" ಅಂದೆ. ಒತ್ತಿದರು. ಪ್ರಶ್ನೆ, ಆಯ್ಕೆ, ಬಟನ್, ಎಲ್ಲ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಮುಂದಿನದು ಒತ್ತಿದರು. ಅದೂ ಕೂತಿತು. ಚಹಾ ಬರುವಷ್ಟರಲ್ಲಿ 40 ಮುಗಿದಿತ್ತು. ಮೊದಲೇ ಮಾಸ್ಟರ್ ಸರಿ ಮಾಡಿಟ್ಟಿದ್ದರೆ ಆ ರೀಸೆಟ್ ಕೂಡ ಬೇಕಿರಲಿಲ್ಲ. ಅದಕ್ಕೇ ಹೇಳುವುದು, ಮೊದಲು ಮಾಸ್ಟರ್, ಆಮೇಲೆ ಪ್ರಶ್ನೆ.

ಕತೆಗೇ ಜಾಸ್ತಿ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬಟನ್ನುಗಳ ಮೇಲಿನ ಬರಹ. ಸಬ್ಮಿಟ್, ನೆಕ್ಸ್ಟ್, ಬ್ಯಾಕ್, ಇವನ್ನೆಲ್ಲ ಕನ್ನಡ ಮಾಡಬಹುದು. ಕ್ಯಾಪ್ಟಿವೇಟ್ ಕ್ಲಾಸಿಕ್‌ನಲ್ಲಿ ಎಡಿಟ್ ಮೆನು, ಅಲ್ಲಿ ಪ್ರಿಫರೆನ್ಸಸ್, ಅದರೊಳಗೆ ಕ್ವಿಜ್, ಅದರಲ್ಲಿ ಡಿಫಾಲ್ಟ್ ಲೇಬಲ್ಸ್. ಅಲ್ಲಿ ಒಂದು ಸಲ ಬರೆದಿಟ್ಟರೆ ಮುಂದೆ ಸೇರಿಸುವ ಪ್ರತಿ ಪ್ರಶ್ನೆಗೂ ಅದೇ ಬರುತ್ತದೆ. ಮುಂದೆ ಸೇರಿಸುವ ಪ್ರಶ್ನೆಗೆ ಅಂದೆ, ಕೇಳಿಸಿತಾ? ಈಗಾಗಲೇ ಇರುವ ಪ್ರಶ್ನೆಗಳಿಗೆ ಅದು ಅನ್ವಯ ಆಗುವುದಿಲ್ಲ. ಇಲ್ಲೂ ಮೊದಲು ಅದು, ಆಮೇಲೆ ಪ್ರಶ್ನೆ. ಬಟನ್ನಿನ ಅಗಲವನ್ನೂ ಆಗಲೇ ನೋಡಿಕೊಳ್ಳಿ. "ಉತ್ತರ ಸಲ್ಲಿಸಿ" ಅಂತ ಬರೆದರೆ ಸಬ್ಮಿಟ್‌ಗಿಂತ ಉದ್ದ ಆಗುತ್ತದೆ.

ಸ್ಟೋರಿಲೈನ್ ಬಳಸುವವರಿಗೆ ಎರಡು ಮಾಸ್ಟರ್ ಉಂಟು. ವ್ಯೂ ಪಟ್ಟಿಯಲ್ಲಿ ಸ್ಲೈಡ್ ಮಾಸ್ಟರ್, ಅದರ ಹತ್ತಿರವೇ ಫೀಡ್‌ಬ್ಯಾಕ್ ಮಾಸ್ಟರ್. ಸರಿ-ತಪ್ಪು ಹೇಳುವ ಪೆಟ್ಟಿಗೆಗಳೆಲ್ಲ ಆ ಎರಡನೆಯದರಲ್ಲಿ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ದಯವಿಟ್ಟು ತೆರೆಯಿರಿ. ಬಟನ್ನಿನ ಬರಹ ಪ್ಲೇಯರ್ ಒಳಗೆ, ಟೆಕ್ಸ್ಟ್ ಲೇಬಲ್ಸ್‌ನಲ್ಲಿ.

ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಲು ಆಗದವರು ಎಚ್‌ಫೈವ್‌ಪಿ ಬಳಸಿ. ಅದು ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ. ಅದರಲ್ಲಿ ಮಾಸ್ಟರ್ ಸ್ಲೈಡ್ ಅಂತ ಇಲ್ಲ. ಒಂದು ಪ್ರಶ್ನೆ ಮಾಡಿ, ಫಾರಂನ ಕೊನೆಗೆ ಹೋಗಿ ಬಟನ್ನಿನ ಬರಹಗಳನ್ನು ಕನ್ನಡ ಮಾಡಿ, ಅದನ್ನೇ ನಕಲು ಮಾಡುತ್ತ ಹೋಗಿ. ಆ ಮೊದಲನೆಯದೇ ನಿಮ್ಮ ಮಾಸ್ಟರ್.

ಅಕ್ಷರಶೈಲಿ. ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳನ್ನು ಕ್ವಿಜ್‌ಗೆ ಬಳಸಬೇಡಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ, ಶಾಲೆಯದ್ದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಬಳಸಿ. ನಮ್ಮ ಶಾಲೆಗಳ ಕಂಪ್ಯೂಟರಿನಲ್ಲಿ ಶಾಲಾ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನವರು ಕೊಟ್ಟ ಗ್ನೂ ಲಿನಕ್ಸ್ ಇರುತ್ತದೆ, ವಿಂಡೋಸ್‌ನ ನಿರ್ಮಲಾ ಯುಐ ಅಕ್ಷರಶೈಲಿ ಅಲ್ಲಿ ಸಿಗುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಉಚಿತ, ಎರಡೂ ಕಡೆ ಹಾಕಿಕೊಳ್ಳಬಹುದು. ಅದನ್ನು ಎಲ್ಲಿ ಆರಿಸಬೇಕು? ಮಾಸ್ಟರ್‌ನಲ್ಲಿ! ಗಾತ್ರ 28ಕ್ಕಿಂತ ಕಡಿಮೆ ಬೇಡ, ಹಿಂದಿನ ಬೆಂಚಿನ ಮಕ್ಕಳಿಗೆ ಕಾಣಬೇಕು. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಆಯ್ಕೆ ಇದ್ದರೆ ಅದನ್ನು ಸೊನ್ನೆಗೆ ಇಡಿ, ಕನ್ನಡಕ್ಕೆ ಅದು ಹೊಂದುವುದಿಲ್ಲ. ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು ಅಂತ ಬರೀ ಬಣ್ಣ ಇಡಬೇಡಿ. ಆ ಎರಡು ಬಣ್ಣದ ವ್ಯತ್ಯಾಸ ಕಾಣದ ಮಕ್ಕಳು ಇರುತ್ತಾರೆ. ಜೊತೆಗೆ ಒಂದು ಗುರುತು ಹಾಕಿ.

ಕೊನೆಯದಾಗಿ ಬಿಟ್ಟ ಸ್ಥಳದ ಪ್ರಶ್ನೆ. ಪಾರ್ತಿಸುಬ್ಬ ಯಾವ ಊರಿನವರು ಅಂತ ಕೇಳಿದರೆ ಮಗು ಕುಂಬಳೆ ಅಂತಲೂ ಬರೆಯಬಹುದು, ಕುಂಬ್ಳೆ ಅಂತಲೂ ಬರೆಯಬಹುದು. ಎರಡೂ ಸರಿ. ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಸರಿ ಉತ್ತರಗಳ ಪಟ್ಟಿಯಲ್ಲಿ ಎರಡನ್ನೂ ನೀವೇ ಸೇರಿಸಬೇಕು. ಮತ್ತೆ ಕುಂಬಳೆ ಪದದಲ್ಲಿ ಬರುವ ಸೊನ್ನೆ. ಕು ಆದ ಮೇಲೆ ಬರಬೇಕಾದದ್ದು ಅನುಸ್ವಾರ. ಕೆಲವರು ಅಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ ಥರ. ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಖ್ಯೆ. ಉತ್ತರದ ಪಟ್ಟಿಯಲ್ಲಿ ನೀವು ಅಂಕಿ ಒತ್ತಿದ್ದರೆ, ಮಗು ಸರಿಯಾಗಿ ಬರೆದರೂ ತಪ್ಪು ಅಂತಲೇ ಬರುತ್ತದೆ, ಆ ಮಗುವಿಗೆ ಯಾಕೆಂದು ಗೊತ್ತಾಗುವುದೂ ಇಲ್ಲ. ಮಕ್ಕಳಿಗೆ ಕೊಡುವ ಮೊದಲು ಬೇರೆಯವರ ಕೈಯಲ್ಲಿ, ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಸಲ ಪೂರ್ತಿ ಉತ್ತರ ಬರೆಸಿ ನೋಡಿ.

ಸರಿ ಮಾಡಿದ ಮಾಸ್ಟರನ್ನು ಥೀಮ್ ಆಗಿ ಬೇರೆ ಫೈಲಿನಲ್ಲಿ ಉಳಿಸಿಕೊಳ್ಳಿ. ಕ್ಯಾಪ್ಟಿವೇಟ್ ಕ್ಲಾಸಿಕ್‌ನಲ್ಲಿ ಥೀಮ್ಸ್ ಮೆನುವಿನಲ್ಲಿ ಸೇವ್ ಥೀಮ್ ಆ್ಯಸ್ ಅಂತ ಉಂಟು. ಪಕ್ಕದ ಶಾಲೆಯ ಟೀಚರ್‌ಗೆ ಆ ಫೈಲ್ ಕಳಿಸಿ. ಅವರು ನೇರವಾಗಿ ಪ್ರಶ್ನೆ ಬರೆಯಲು ಕೂರಬಹುದು.

ನಮಸ್ಕಾರ.