ಶಾಪದ ದಫ್ತರ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಳೆದ ನನ್ನ ಬಾಲ್ಯದಲ್ಲಿ, ಮುಚ್ಚಂಜೆಯಾಗುತ್ತಲೇ ಅಜ್ಜಿ ಕಟ್ಟೆಯ ಮೇಲೆ ಕುಳಿತು, "ಹೊತ್ತ ಮುಳುಗಿದ ಮ್ಯಾಲ ಊರ ಹೊರಗ ಹೋಗಬ್ಯಾಡೊ, ಹುಡುಗರನ್ನ ಹಿಡಕೊಂಡು ಹೋಗವ್ರು ಇರ್ತಾರ" ಎಂದು ಕಥೆ ಆರಂಭಿಸುತ್ತಿದ್ದಳು. ಅವಳ ಕಥೆಯಲ್ಲಿ ಅವರಿಗೆ ಕೋರೆಹಲ್ಲು, ಉರಿಗಣ್ಣು ಇರುತ್ತಿದ್ದವು. ಆದರೆ ಅವರು ಬೀಡುಬಿಡುತ್ತಿದ್ದ ಜಾಗ ಮಾತ್ರ, ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅಲೆಮಾರಿ ಕುಟುಂಬಗಳು ಜೋಪಡಿ ಹಾಕುತ್ತಿದ್ದ ಹಳ್ಳದ ದಂಡೆಯೇ ಆಗಿತ್ತು. ನನಗೆ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಉಣಿಸಿದ ಕೈಯೇ ಆ ಭಯವನ್ನೂ ಉಣಿಸಿತೆಂಬುದು ಅರ್ಥವಾಗಲು ಬಹಳ ವರ್ಷಗಳು ಬೇಕಾದವು.

ಕರಾಳ ಫ್ಯಾಂಟಸಿ ಎಂದು ಕರೆಯಲಾಗುವ ಕಾದಂಬರಿಗಳನ್ನು ಓದುವಾಗಲೆಲ್ಲ ನನಗೆ ಆ ಹಳ್ಳದ ದಂಡೆ ನೆನಪಾಗುತ್ತದೆ. ಕತ್ತಲು ಕವಿದ ರಾಜ್ಯ, ಹುಟ್ಟಿನಿಂದಲೇ ಶಾಪ ತಟ್ಟಿದ ಕುಲ, ಆ ಕುಲದವರ ಮೈಮೇಲೆ ಅಳಿಸಲಾಗದ ಗುರುತು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಇದೆಲ್ಲ ಬರೀ ಕಲ್ಪನೆಯೆಂದು ಓದುಗರು ನಿರಾಳವಾಗಿ ಪುಟ ತಿರುಗಿಸುತ್ತಾರೆ.

ಆದರೆ ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಇಂಥದೇ ಶಾಪವನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟಿತ್ತು. ಒಂದಿಡೀ ಸಮುದಾಯವನ್ನು ಅಪರಾಧಿಯೆಂದು ಸಾರುವ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. 1911ರಲ್ಲಿ ಹೊಸ ಕಾಯ್ದೆ ಬಂದ ಮೇಲೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಸೇರಿದವು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಜನರನ್ನು ಕೂಡಿಹಾಕುವ ಸೆಟ್ಲಮೆಂಟುಗಳು ಎದ್ದವು. ಯಾವ ಕಳವನ್ನೂ ಮಾಡದವನು ಸಹ ದಫ್ತರದಲ್ಲಿ ಬೆರಳಚ್ಚು ಒತ್ತಬೇಕಿತ್ತು, ಹಾಜರಿಗೆ ನಿಲ್ಲಬೇಕಿತ್ತು, ಪರವೂರಿಗೆ ಹೋಗಲು ಪಾಸು ಬೇಡಬೇಕಿತ್ತು. ತಂದೆತಾಯಿಗಳಿಂದ ಮಕ್ಕಳನ್ನು ಬೇರ್ಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಮಕ್ಕಳನ್ನು ಹಿಡಿದೊಯ್ಯುವವರೆಂದು ನನ್ನ ಅಜ್ಜಿ ಯಾರನ್ನು ತೋರಿಸಿ ಹೆದರಿಸುತ್ತಿದ್ದಳೋ, ಅಂಥವರ ಮಕ್ಕಳನ್ನೇ ಕಾನೂನು ಹಿಡಿದೊಯ್ಯಬಹುದಾಗಿತ್ತು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೂ ನಮ್ಮ ಭಾಗದ ಗಂಟಿಚೋರ ಸಮುದಾಯದ ಮಗುವೊಂದು ಶಾಲೆಯಲ್ಲಿ ತನ್ನ ಜಾತಿಯ ಹೆಸರು ಹೇಳಿದಾಗ, ಆ ಹೆಸರಿನೊಳಗೇ ಕುಳಿತಿರುವ 'ಚೋರ' ಎಂಬ ಪದವು ತರಗತಿಗೆಲ್ಲ ಕೇಳಿಸುತ್ತದೆ.

ಆದ್ದರಿಂದಲೇ ಕರಾಳ ಫ್ಯಾಂಟಸಿಯ ಬಹಳಷ್ಟು ಕೃತಿಗಳ ಬಗ್ಗೆ ನನ್ನ ತಕರಾರು ಗಂಭೀರವಾದದ್ದು. ಕೇಡು ಒಂದು ಕುಲದ ರಕ್ತದಲ್ಲೇ ಇದೆಯೆಂದು ಮೊದಲ ಪುಟದಲ್ಲಿ ಒಪ್ಪಿಕೊಂಡು, ಆಮೇಲೆ ಆ ಕುಲದ ಒಬ್ಬನನ್ನು ಮಾತ್ರ ಒಳ್ಳೆಯವನಾಗಿ ಚಿತ್ರಿಸಿದರೆ ಕಾದಂಬರಿ ಪೂರ್ವಗ್ರಹವನ್ನು ಎದುರಿಸಿದಂತಾಗುವುದಿಲ್ಲ. ಆ ಒಬ್ಬನನ್ನು ಬಿಟ್ಟು ಉಳಿದವರೆಲ್ಲರ ಮೇಲೆ 1871ರ ಕಾಯ್ದೆಯನ್ನೇ ಮತ್ತೊಮ್ಮೆ ಹೇರಿದಂತಾಗುತ್ತದೆ. ಶಾಪವನ್ನು ಬರೆದವರು ಯಾರು, ಆ ದಫ್ತರವನ್ನು ದಿನವೂ ತೆರೆಯುವವರು ಯಾರು, ತೆರೆದಾಗ ನೋಡಿಯೂ ಸುಮ್ಮನಿದ್ದ ನೆರೆಯವರು ಯಾರು ಎಂದು ಕೇಳುವ ಕಾದಂಬರಿಯಲ್ಲಿ ಮಾತ್ರ ಕತ್ತಲೆಗೆ ನಿಜವಾದ ತೂಕ ಬರುತ್ತದೆ.

ಅಂಥದೊಂದು ಕಾದಂಬರಿಯನ್ನು ನಮ್ಮ ಸೀಮೆಯವರೇ, ಅದರಲ್ಲೂ ಆ ಹಾಜರಿಯಲ್ಲಿ ನಿಂತವರ ಮೊಮ್ಮಕ್ಕಳೇ ಬರೆಯಬೇಕೆಂಬುದು ನನ್ನ ಆಸೆ. ಅದರಲ್ಲಿ ಹಳ್ಳದ ದಂಡೆಯ ಜೋಪಡಿಯೊಳಗೂ ಒಬ್ಬ ಅಜ್ಜಿ ಇರಲಿ. ಮುಚ್ಚಂಜೆಯ ಹೊತ್ತಿಗೆ ಮೊಮ್ಮಗನನ್ನು ಮಡಿಲಿಗೆ ಎಳೆದುಕೊಂಡು, ಊರೊಳಗಿನಿಂದ ಬರುವವರ ಕಥೆಯನ್ನು ಅವಳು ಮೆಲ್ಲಗೆ ಹೇಳುತ್ತಿರಲಿ.