ಗಾಳಿಗೆ ಬೆನ್ನು ಕೊಟ್ಟ ನಾಲ್ಕು ಕೋಣೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಹೋಟೆಲ್ ಬಗ್ಗೆ ಹೇಳಬೇಕು ಅನ್ನಿಸಿದೆ. ಹೋಟೆಲ್ ಅಂದ ಕೂಡಲೇ ನಮಗೆ ದೋಸೆ, ಕಾಫಿ ನೆನಪಾಗುತ್ತದೆ, ಅಲ್ವಾ? ಇದು ತಂಗುವ ಹೋಟೆಲ್. ಅದರಲ್ಲಿರುವುದು ನಾಲ್ಕೇ ಕೋಣೆ.

ಅಮೆರಿಕದ ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಡೆಸರ್ಟ್ ಹಾಟ್ ಸ್ಪ್ರಿಂಗ್ಸ್ ಅನ್ನುವ ಮರುಭೂಮಿಯ ಊರು ಸಿಗುತ್ತದೆ. ಸ್ಯಾನ್ ಆಂಡ್ರಿಯಾಸ್ ಅನ್ನುವ ದೊಡ್ಡ ಭೂಬಿರುಕಿನ ಒಂದು ಕವಲು ಅಲ್ಲೇ ಹಾದುಹೋಗುತ್ತದೆ. ಬಿರುಕಿನ ಒಂದು ಬದಿಯಲ್ಲಿ ನೆಲ ಕೊರೆದರೆ ಬಿಸಿನೀರು, ಇನ್ನೊಂದು ಬದಿಯಲ್ಲಿ ತಣ್ಣೀರು! ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಬೆಟ್ಟಗಳ ನಡುವಿನ ಕಣಿವೆಯಿಂದ ನುಗ್ಗುವ ಗಾಳಿಯಂತೂ ಮರಳನ್ನು ಎತ್ತಿ ಮುಖಕ್ಕೆ ಎರಚುತ್ತದೆ.

ಇಂಥ ಜಾಗದಲ್ಲಿ ಲೂಸಿಯನ್ ಹಬ್ಬರ್ಡ್ ಅವರಿಗೆ ಒಂದು ದೊಡ್ಡ ಕನಸಿತ್ತು. ಅವರು ಹಾಲಿವುಡ್‌ನವರು. ಆಸ್ಕರ್‌ನಲ್ಲಿ ಮೊಟ್ಟಮೊದಲ ಅತ್ಯುತ್ತಮ ಚಿತ್ರವೆಂದು ಗೆದ್ದ ಮೂಕಿಚಿತ್ರದ ನಿರ್ಮಾಪಕರು. ಮರುಭೂಮಿಯಲ್ಲೊಂದು ಹೊಸ ಬಡಾವಣೆಯನ್ನೇ ಎಬ್ಬಿಸಬೇಕು ಅಂತ ಹೊರಟರು. ಅದರ ಮಾದರಿಯಾಗಿ ಮೊದಲು ಎದ್ದದ್ದು ಈ ಮೋಟೆಲ್, ಅಂದರೆ ಕಾರಿನಲ್ಲಿ ಬಂದವರು ತಂಗುವ ಹೋಟೆಲ್. ವರ್ಷ 1947. ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಜಾನ್ ಲಾಟ್ನರ್, ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಕೈಕೆಳಗೆ ಪಳಗಿದವರು.

ಲಾಟ್ನರ್ ಏನು ಮಾಡಿದರು ಗೊತ್ತೇ? ಅಲಂಕಾರದ ಗೋಜಿಗೇ ಹೋಗಲಿಲ್ಲ. ಆ ಗಾಳಿ, ಆ ಬಿಸಿಲಿಗೆ ತಕ್ಕಂತೆ ಕೋಣೆ ಕಟ್ಟಿದರು. ಕಾಂಕ್ರೀಟಿನ ಗೋಡೆ ಗಟ್ಟಿಯಾಗಿ ಗಾಳಿಗೆ ಬೆನ್ನು ಕೊಟ್ಟು ನಿಂತಿದೆ. ಉಕ್ಕಿನ ತೊಲೆಗಳು ಓರೆಯಾದ ಚಾವಣಿಯನ್ನು ಹೊತ್ತಿವೆ. ಒಳಗೆ ಕೆಂಪು ಮರದ ಬೆಚ್ಚನೆಯ ಬಣ್ಣ. ಮೇಲಿನಿಂದ ಬೆಳಕು ಇಳಿಯುತ್ತದೆ. ಪ್ರತಿ ಕೋಣೆಗೂ ಅದರದ್ದೇ ಆದ ಪುಟ್ಟ ಕಳ್ಳಿಗಿಡದ ತೋಟ. ಗಾಜಿನಾಚೆ ಕಳ್ಳಿ, ಅದರ ಮೇಲೆ ಆಕಾಶ. ಪಕ್ಕದ ಕೋಣೆಯಲ್ಲಿ ಯಾರಿದ್ದಾರೋ ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಬಿಗುವಾದ ಕಟ್ಟಡ, ಒಳಗೆ ಬಂದರೆ ಬಯಲು. ನನಗೆ ಈ ಹೋಟೆಲ್ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದೇ ಇದರಿಂದ.

ಆ ದೊಡ್ಡ ಬಡಾವಣೆ ಮಾತ್ರ ಏಳಲೇ ಇಲ್ಲ. ನಾಲ್ಕು ಕೋಣೆಗೇ ಕೆಲಸ ನಿಂತಿತು. ಲಾಟ್ನರ್ 1960ರಲ್ಲಿ ಲಾಸ್ ಏಂಜಲೀಸ್‌ನ ಗುಡ್ಡದ ಇಳಿಜಾರಿನಲ್ಲಿ ಒಂದೇ ಕಂಬದ ಮೇಲೆ ಮನೆ ಕಟ್ಟಿ ಜಗತ್ತಿನ ಕಣ್ಣು ಸೆಳೆದರು. ಮರುಭೂಮಿಯ ಕೋಣೆಗಳನ್ನು ಕೇಳುವವರಿರಲಿಲ್ಲ. ಹಬ್ಬರ್ಡ್ ತೀರಿಕೊಂಡ ಮೇಲೆ ಅವು ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದವು. ಮರ ಒಣಗಿತು, ಧೂಳು ತುಂಬಿತು. ಆ ನಾಲ್ಕು ಕೋಣೆ ಉರುಳಿಸಿ ಜಾಗ ಮಾರುವುದು ಎಷ್ಟು ಹೊತ್ತಿನ ಕೆಲಸ! ಹಾಗಾಗಲಿಲ್ಲ. ಹಳೆಯ ವಿನ್ಯಾಸದ ಬೆಲೆ ಬಲ್ಲವರ ಕೈಗೆ ಬಂತು. ಕೆಡವದೆ, ದೊಡ್ಡದು ಮಾಡದೆ, ಇದ್ದದ್ದನ್ನೇ ತಾಳ್ಮೆಯಿಂದ ಸರಿಪಡಿಸಿದರು.

2011ರಲ್ಲಿ ಬಾಗಿಲು ಮತ್ತೆ ತೆರೆಯಿತು. ಹೊಸ ಹೆಸರು ಹೋಟೆಲ್ ಲಾಟ್ನರ್. ಕೋಣೆಗಳು ಆಗಲೂ ನಾಲ್ಕೇ.

ನಮಸ್ಕಾರ.